ಅಟ್ಟದ ಮೇಲಿದ್ದ ಗಂಟು

ಅತ್ತೆ,

ನಿಮಗೆ ಓದಲು ಬರುತ್ತಿರಲಿಲ್ಲ. ಮದುವೆ ಕಾಗದ ಬಂದರೂ ಕರೆಂಟು ಬಿಲ್ಲು ಬಂದರೂ ನನ್ನ ಕೈಗೆ ಕೊಟ್ಟು, "ಓದಮ್ಮಿ, ಏನ್ ಬರ್ದವ್ರೆ ನೋಡು" ಅನ್ನುತ್ತಿದ್ದಿರಿ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ ಮಾತ್ರ. ಆದರೂ ನಿಮ್ಮೆದುರು ನಿಂತು ಓದುವಾಗ ನಾನೂ ಒಬ್ಬ ಮೇಡಮ್ಮು ಅನ್ನಿಸುತ್ತಿತ್ತು. ಈಗ ಈ ಕಾಗದವನ್ನು ನಿಮಗೆ ಯಾರು ಓದಿ ಹೇಳುತ್ತಾರೋ... ಅದಕ್ಕೇ ಹಿತ್ತಲ ಬಾಗಿಲಲ್ಲಿ ಕೂತು, ಬರೆಯುತ್ತಾ ಬರೆಯುತ್ತಾ ಮೆಲ್ಲಗೆ ಬಾಯಲ್ಲೂ ಹೇಳಿಕೊಳ್ಳುತ್ತಿದ್ದೇನೆ. ಬರೆಯುತ್ತಿರುವುದು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ. ತಿಂಗಳು ಮುಗಿದ ಹಾಳೆಗಳನ್ನು ಹರಿದು, ಮಡಚದೆ, ಹಾಸಿಗೆಯ ಕೆಳಗೆ ಇಡುತ್ತಿದ್ದಿರಲ್ಲ, ಅದೇ ಹಾಳೆಗಳು. ಇನ್ನೂ ಇವೆ.

ಮದುವೆಯಾಗಿ ಬಂದ ಮೂರನೇ ದಿನ ನಿಮಗೆ ನೆನಪಿದೆಯಾ? ನನ್ನ ಸೂಟ್‌ಕೇಸು ಇಡಲು ಜಾಗ ಸಿಗದೆ, ಕೇಳಲು ನಾಚಿಕೆಯಾಗಿ, ಅದನ್ನು ಹಿಡಿದುಕೊಂಡೇ ನಡುಮನೆಯಲ್ಲಿ ನಿಂತಿದ್ದೆ. ಒಳಕೋಣೆಯ ಬಾಗಿಲು ತೆರೆದರೆ, ನೀವು ಮಲಗುವ ಮಂಚ ಬಿಟ್ಟು, ಕಾಲಿಡಲು ತಾವಿರಲಿಲ್ಲ. ಹಿಂದೆ ರೇಷ್ಮೆ ಸಾಕುತ್ತಿದ್ದಾಗ ಹುಳು ಗೂಡು ಕಟ್ಟಲು ಬಿಡುತ್ತಿದ್ದ ಬಿದಿರಿನ ಚಂದ್ರಿಕೆಗಳು, ಟೊಮೆಟೊ ಕ್ರೇಟುಗಳು, ಮುಚ್ಚಳವಿಲ್ಲದ ಹಾಲಿನ ಕ್ಯಾನು, ಸೈಕಲ್ಲಿನ ಒಂಟಿ ರಿಮ್ಮು, ಮೆಟ್ಟಿಲು ಮುರಿದ ಏಣಿ, ಒಂದರ ಮೇಲೊಂದು ಬೂಸಾ ಚೀಲ. ನೀವು ಬಂದು ನೋಡಿ ನಕ್ಕಿರಿ. "ಅಯ್ಯೋ ಮಂಕೆ, ಪೆಟ್ಟಿಗೆ ಹಿಡ್ಕೊಂಡು ಬಸ್ಸಿಗೆ ಕಾಯೋರ್ ಥರ ನಿಂತಿದ್ದೀಯಲ್ಲ!" ಆಮೇಲೆ ನಿಮ್ಮ ಮಂಚದ ಕೆಳಗೆ ನೀವೇ ಜಾಗ ಮಾಡಿಕೊಟ್ಟಿರಿ. ಇದೆಲ್ಲ ಯಾಕೆ ಇಟ್ಟಿದ್ದೀರಿ ಅಂತ ಧೈರ್ಯ ಮಾಡಿ ಕೇಳಿದ್ದಕ್ಕೆ, "ಇರ್ಲಿ, ಬೇಕಾಗುತ್ತೆ" ಅಂದಿರಿ. ಆ ಎರಡು ಮಾತನ್ನು ಆಮೇಲೆ ಎಷ್ಟು ಸಾವಿರ ಸಲ ಕೇಳಿದೆನೋ!

ನೀವು ಹೋದ ಮೇಲೆ, ತಿಥಿಯ ನೆಂಟರೆಲ್ಲ ಹೊರಟ ದಿನ, ಮಾವ ಆ ಕೋಣೆಗೆ ಬೀಗ ಹಾಕಿದರು. ಹಾಸಿಗೆಯನ್ನು ನಡುಮನೆಗೆ ಎಳೆದುಕೊಂಡು ಅಲ್ಲೇ ಮಲಗಲು ಶುರು ಮಾಡಿದರು. ಬೀಗದ ಕೈ ಅವರ ಉಡಿದಾರದಲ್ಲಿ. ನಾವ್ಯಾರೂ ಕೇಳಲಿಲ್ಲ. ಕೇಳಲು ಏನಿತ್ತು ಹೇಳಿ?

ಹಾಗೇ ತಿಂಗಳುಗಳು ಕಳೆದವು. ಒಂದು ದಿನ ಸವಿತಳ ಫೋನು ಬಂತು. ನಿಮ್ಮ ಮಗಳು ಬಸುರಿ, ಅತ್ತೆ. ಮೂರು ತಿಂಗಳಾಗುವವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಖುಷಿಗೆ ಒಲೆಯ ಮೇಲಿನ ಹಾಲನ್ನೇ ಮರೆತೆ. "ಸೀಮಂತಕ್ಕೆ ಬಂದು ಇದ್ಬಿಡು, ಬಾಣಂತನ ಇಲ್ಲೇ" ಅಂದೆ. ಸವಿತ ಅಂದಳು, "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಅಮ್ಮ ಇದ್ದಿದ್ರೆ ಒಂದ್ ಮಾತು. ಅಮ್ಮ ಇಲ್ದಿರೋ ಮನೆಗೆ ಬಂದು ಎಲ್ಲಿ ಮಲ್ಕೊಳ್ಳಿ? ಅಪ್ಪನ ಪಕ್ಕ ನಡುಮನೇಲಾ? ನಾನಿಲ್ಲೇ ಇರ್ತೀನಿ ಬಿಡಿ." ಇಲ್ಲೇ ಅಂದರೆ ದೊಡ್ಡಬಳ್ಳಾಪುರದ ಆ ಒಂದೇ ಕೋಣೆಯ ಬಾಡಿಗೆ ಮನೆ. ಗೋಡೆಯ ಆಚೆ ಮಗ್ಗದ ಶೆಡ್ಡು. ಫೋನಿನಲ್ಲೇ ಟಕಟಕ ಅಂತ ಕೇಳುತ್ತಿತ್ತು. ಹಸುಗೂಸು ಅಲ್ಲಿ ಹೇಗೆ ಕಣ್ಣು ಮುಚ್ಚೀತು?

ಆ ಸಂಜೆ ಮಾವನ ಮುಂದೆ ನಿಂತೆ. ನನಗೆ ಮಾತು ಬರುವುದಿಲ್ಲ ಅಂತ ನಿಮಗೆ ಗೊತ್ತಲ್ಲ. "ನಮ್ ರತ್ನನ್ ಬಾಯಿಗೆ ಅವಳಪ್ಪ ಬೀಗ ಹಾಕಿ, ಕೀ ಕೊಡೋದ್ ಮರ್ತವ್ನೆ" ಅಂತ ಊರಿಗೆಲ್ಲ ಹೇಳಿ ನಗಿಸುತ್ತಿದ್ದಿರಿ. ಬಸ್ಸಿನಲ್ಲಿ ನನ್ನ ಟಿಕೆಟ್ಟನ್ನೂ ನೀವೇ ಕೇಳುತ್ತಿದ್ದಿರಿ. ಆವತ್ತು ಸೆರಗು ತಿರುವುತ್ತಾ ತಿರುವುತ್ತಾ ಹೇಳಿದೆ, ಒಳಕೋಣೆ ಖಾಲಿ ಮಾಡಿದರೆ ಸವಿತ ಬರುತ್ತಾಳೆ ಅಂತ.

ಮಾವ ತಲೆ ಎತ್ತಲಿಲ್ಲ. "ಅವಳು ಒಂದು ಮೊಳೇನೂ ಬಿಸಾಕ್ದೋಳಲ್ಲ. ಅವಳು ಹೋಗಿದ್ದೇ ತಡ, ಸಾಮಾನೆಲ್ಲ ಗುಜರಿಗ್ ಹಾಕುದ್ರು ಅಂತ ಜನ ಅನ್ಬೇಕಾ?"

"ಬಿಸಾಕಲ್ಲ ಮಾವ. ಎಲ್ಲಕ್ಕೂ ಒಂದೊಂದು ಕೆಲಸ ಕೊಡ್ತೀನಿ."

"ಕೆಲ್ಸ ಕೊಡ್ತೀಯಾ? ಏನು, ಕಂಪನಿ ತೆಗ್ದಿದ್ದೀಯಾ?" ಅಂದರು. ನೀವು ಹೋದ ಮೇಲೆ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು. ಉಡಿದಾರದಿಂದ ಕೀ ಬಿಚ್ಚಿ ಕೊಡುತ್ತಾ ಒಂದು ಮಾತು ಹೇಳಿದರು. "ಒಂದ್ ಸಾಮಾನು ಆಚೆ ಹೋದ್ರೂ ನನ್ನ ಕೇಳ್ಬೇಕು ಕಣಮ್ಮ." ಆಯಿತು ಅಂತ ಮಾತು ಕೊಟ್ಟೆ.

ಬೀಗ ತೆಗೆದ ದಿನ ಬಾಗಿಲಲ್ಲೇ ಕೂತು ಸ್ವಲ್ಪ ಅತ್ತುಬಿಟ್ಟೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಎಲ್ಲವನ್ನೂ ಅಂಗಳಕ್ಕೆ ತಂದು ಬಿಸಿಲಿಗೆ ಹಾಕಿದೆ. ಬೀದಿಯಲ್ಲಿ ಹೋಗುವವರೆಲ್ಲ "ಏನ್ ರತ್ನಾ, ಅಂಗಡಿ ಇಕ್ಕಿದ್ದೀಯಾ?" ಅಂತ ಕೇಳಿದರು. ನಿಮ್ಮ ಮಗ ಕೆಲಸ ಮುಗಿಸಿ ಬಂದವರು ಗೇಟಿನಲ್ಲೇ ನಿಂತುಬಿಟ್ಟರು. ಹೊಸಕೋಟೆಯ ಗೋದಾಮಿನಲ್ಲಿ ದಿನವಿಡೀ ಸಾಮಾನು ಜೋಡಿಸುವುದೇ ಇವರ ಕೆಲಸ, ಮನೆಗೆ ಬಂದರೆ ಮಾತ್ರ ತಮ್ಮ ಕಾಲುಚೀಲ ತಮಗೇ ಸಿಗುವುದಿಲ್ಲ. ಅಂಥವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನನಗೆ ಬುದ್ಧಿ ಹೇಳಿದರು. "ನೋಡು, ನಮ್ ಗೋಡೌನಲ್ಲಿ ಒಂದೊಂದು ಸಾಮಾನಿಗೂ ಒಂದು ಜಾಗ, ಒಂದು ಚೀಟಿ. ಚೀಟಿ ಇಲ್ಲ ಅಂದ್ರೆ ಆ ಸಾಮಾನು ಇಲ್ಲ ಅಂತಾನೇ ಲೆಕ್ಕ." ನಕ್ಕೆ, ಆದರೆ ಮಾತು ಮನಸ್ಸಿಗೆ ಹಿಡಿಯಿತು.

ಮೊದಲು ಕ್ರೇಟುಗಳನ್ನು ತೊಳೆದೆ. ಆರು ನೀಲಿ ಕ್ರೇಟು, ಒಂದೂ ಸೀಳು ಬಿಟ್ಟಿರಲಿಲ್ಲ. ಅಡ್ಡ ಮಲಗಿಸಿ, ಎರಡರ ಮೇಲೆ ಎರಡು, ಅದರ ಮೇಲೆ ಎರಡು ಇಟ್ಟು, ಸುತಳಿಯಿಂದ ಬಿಗಿದು, ಒಳಗೆ ನಿಮ್ಮ ಕ್ಯಾಲೆಂಡರ್ ಹಾಳೆ ಹಾಸಿದರೆ ಅದೇ ಬೀರುವಾಯಿತು. ಏಣಿಯ ಮುರಿದ ಮೆಟ್ಟಿಲನ್ನು ಮಾವ ಕೊಯ್ದು ಕೊಟ್ಟರು. ಈಗ ಅದು ಬಚ್ಚಲ ಗೋಡೆಗೆ ಒರಗಿ ನಿಂತು ಟವಲು ಹೊರುತ್ತದೆ. ಸೈಕಲ್ ರಿಮ್ಮನ್ನು ಹಿತ್ತಲ ಸೂರಿಗೆ ನೇತುಹಾಕಿ ಸುತ್ತಲೂ ಕ್ಲಿಪ್ಪು ಸಿಕ್ಕಿಸಿದೆ, ಮಗುವಿನ ಬಟ್ಟೆ ಒಣಗಲಿ ಅಂತ. ಹರಿದ ಸೊಳ್ಳೆಪರದೆಯಲ್ಲಿ ಬೆಳ್ಳುಳ್ಳಿಗೊಂದು, ಈರುಳ್ಳಿಗೊಂದು ಚೀಲ ಹೊಲಿದೆ. ಗಾಳಿಯಾಡಿ ಕೊಳೆಯುವುದಿಲ್ಲ. ಹಾಲಿನ ಕ್ಯಾನಿನಲ್ಲಿ ಛತ್ರಿ ಮತ್ತು ಮಾವನ ಕೋಲು.

ಚಂದ್ರಿಕೆಗೆ ಏನು ಕೆಲಸ ಕೊಡುವುದು ಅಂತ ಎರಡು ದಿನ ಹೊಳೆಯಲಿಲ್ಲ. ಹುಳು ಸಾಕುವುದು ಬಿಟ್ಟು ಎಷ್ಟು ವರ್ಷವಾಯಿತು. ಆಮೇಲೆ ಒಂದನ್ನು ಗೋಡೆಗೆ ನೇತುಹಾಕಿ ನೋಡಿದೆ. ಸುರುಳಿ ಸುತ್ತಿದ ಆ ಬಿದಿರಿನ ಪಟ್ಟಿಗಳ ನಡುವೆ ಬಾಚಣಿಗೆ, ಕತ್ತರಿ, ಮಾತ್ರೆ, ಆಸ್ಪತ್ರೆ ಚೀಟಿ, ಸೇಫ್ಟಿ ಪಿನ್ನು, ಏನು ಸಿಕ್ಕಿಸಿದರೂ ನಿಲ್ಲುತ್ತದೆ. ಮಾವ ಬಹಳ ಹೊತ್ತು ಅದನ್ನೇ ನೋಡಿದರು. "ಅವಳ್ಗೆ ಹೇಳಿದ್ದೆ, ಇದ್ನ ಒಲೆಗಾದ್ರೂ ಇಕ್ಕೆ ಅಂತ. ಬೈದಿದ್ಳು" ಅಂದರು. ನೀವು ಬೈದದ್ದು ಎಷ್ಟು ಒಳ್ಳೆಯದಾಯಿತು!

ಇಷ್ಟರವರೆಗೆ ಎಲ್ಲ ಸರಿ ಇತ್ತು. ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೆ ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಆ ವಾರ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಮನೆ ಚೊಕ್ಕಟ ಇಡುವುದು ಹೇಗೆ ಅಂತ ಒಬ್ಬಾಕೆ ಹೇಳುತ್ತಿದ್ದಳು. ಒಂದು ವರ್ಷ ಮುಟ್ಟದ ವಸ್ತು ಇನ್ನು ನಿಮಗೆ ಬೇಡದ ವಸ್ತು, ಯೋಚಿಸದೆ ಆಚೆ ಹಾಕಿ, ಅಂತ. ಅವಳ ಮನೆ ಎಷ್ಟು ಚೆನ್ನಾಗಿತ್ತು ಅಂದರೆ ಅವಳ ಮಾತನ್ನು ನಂಬಿಬಿಟ್ಟೆ. ಮಾರನೇ ದಿನ ಆ ಕೋಣೆಯ ಅಟ್ಟ ಹತ್ತಿದಾಗ ಮೂಲೆಯಲ್ಲಿ ಒಂದು ದೊಡ್ಡ ಗಂಟು ಕಂಡಿತು. ಮೇಲೆ ಬೆರಳು ದಪ್ಪ ಧೂಳು. ಇಳಿಸಿ ನೋಡಿದರೆ ಹಳೇ ಸೀರೆಗಳು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದ್ದವು, ಯಾರೂ ಉಡುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಬೀದಿಯಲ್ಲಿ ಕೂಗು. "ಹಳೇ ಬಟ್ಟೆಗೆ ಪಾತ್ರೇಏಏ..."

ಪಾತ್ರೆಯವಳು ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಅವಳ ಹತ್ತಿರ ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬ ಇತ್ತು. ಸವಿತಳಿಗೆ ಅಂಟಿನುಂಡೆ ಕಟ್ಟಿ ಇಡಲು ಸರಿಯಾಗಿದೆ ಅಂತ ನನಗೆ ಆಸೆಯಾಯಿತು. ಅವಳು ದೊಡ್ಡ ಗಂಟಿನ ತುದಿ ಬಿಚ್ಚಿದಳು. ಒಳಗೆ ಮತ್ತೆರಡು ಸಣ್ಣ ಗಂಟು. ಅವುಗಳ ಸಂದಿಗೆ ಬೆರಳು ತೂರಿಸಿ, "ಎಲ್ಲಾ ಹಳೇ ಕಾಟನ್ನು, ಜರಿ ಗಿರಿ ಏನಿಲ್ಲ. ಹೋಗ್ಲಿ, ನಿನ್ ಮುಖ ನೋಡಿ ಕೊಡ್ತೀನಮ್ಮ" ಅಂದಳು. ಮಾವ ಹೊಲದಲ್ಲಿದ್ದರು. ಹರಿದ ಬಟ್ಟೆ ತಾನೇ, ಇದಕ್ಕೆ ಅವರನ್ನು ಏನು ಕೇಳುವುದು ಅಂದುಕೊಂಡೆ. ಕೊಟ್ಟುಬಿಟ್ಟೆ.

ಮಾವ ಊಟಕ್ಕೆ ಬಂದರು. ಖಾಲಿ ಅಟ್ಟ ನೋಡಿದರು. "ಮೂಲೇಲಿದ್ದ ಗಂಟು ಎಲ್ಲಮ್ಮ?" ಅಂದರು. ನಾನು ಡಬ್ಬ ತೋರಿಸಿದೆ. ಅವರು ಬೈಯಲಿಲ್ಲ, ಅತ್ತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೋಡೆಗೆ ಒರಗಿ ಕೂತರು. "ಮಗೀಗೆ ಅಂತ ಇಕ್ಕಿದ್ಳು" ಅಂದರು. "ಒಂದೊಂದ್ ಸೀರೇನೂ ಹಂಡೇಲಿ ಕುದ್ಸಿ, ಸೀಗೇಕಾಯ್ ನೀರಲ್ಲಿ ಒಗ್ದು, ನೆರಳಲ್ಲಿ ಒಣಗ್ಸಿ, ಬೇವಿನೆಲೆ ಇಟ್ಟು ಕಟ್ಟಿದ್ಳು. ಹುಟ್ಟಿದ್ ಕೂಸ್ಗೆ ಹೊಸ ಬಟ್ಟೆ ಇಕ್ತಾರಾ? ಅಜ್ಜಿ ಸೀರೇಲೇ ಅಲ್ವಾ ಸುತ್ತೋದು."

ನನಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು. ನನ್ನ ತವರಲ್ಲೂ ಹಾಗೇ. ಆದರೆ ಮಗು ಅಂದಾಗ ನನಗೆ ನೆನಪಾದದ್ದು ಇವರು ಹೊಸಕೋಟೆಯ ಅಂಗಡಿಯಿಂದ ತಂದಿದ್ದ ಹೊಸ ಮಗುಬಟ್ಟೆಯ ಪ್ಯಾಕೆಟ್ಟು. ಗಂಟು ನೋಡಿದಾಗ ಕಂಡದ್ದು ಧೂಳು. ಒಂದು ವರ್ಷ ಯಾರೂ ಮುಟ್ಟಿರಲಿಲ್ಲ, ನಿಜ. ಯಾಕೆಂದರೆ ಮುಟ್ಟಬೇಕಾದವರು ಇನ್ನೂ ಹುಟ್ಟಿರಲಿಲ್ಲ.

ಊಟ ಬಡಿಸಿದ್ದು ಹಾಗೇ ಇತ್ತು. ಡಬ್ಬ ಕಂಕುಳಲ್ಲಿಟ್ಟುಕೊಂಡು ಹೊರಟೆ. ಪಾತ್ರೆಯವಳು ನಂದಗುಡಿ ಕಡೆ ಹೋದಳು ಅಂತ ಹಾಲಿನ ಡೇರಿ ಹತ್ತಿರ ಯಾರೋ ಅಂದರು. ಹೌದು, ನಾನೇ ಕೇಳಿದೆ. ಬಸ್ಸಿನಲ್ಲಿ ಕಂಡಕ್ಟರಿಗೆ "ನಂದಗುಡಿ ಒಂದು" ಅಂದೆ. ದನಿ ಎಷ್ಟು ಜೋರಾಗಿ ಬಂತೆಂದರೆ ಮುಂದೆ ಕೂತಿದ್ದವರು ತಿರುಗಿ ನೋಡಿದರು. ನಂದಗುಡಿಯಲ್ಲಿ ಹೂವಿನವಳನ್ನು ಕೇಳಿದೆ, ಬೇಕರಿಯವನನ್ನು ಕೇಳಿದೆ, ಆಟೋದವರನ್ನು ಕೇಳಿದೆ. ನೀವು ಇದ್ದಿದ್ದರೆ ನಂಬುತ್ತಿದ್ದಿರಾ? ಕೊನೆಗೆ ಊರಾಚೆಯ ಹೊಂಗೆ ಮರದ ಕೆಳಗೆ ಸಿಕ್ಕಳು. ಬುಟ್ಟಿ ತಲೆಗೆ ಏರಿಸಿ ಇನ್ನೇನು ಹೊರಡುವುದರಲ್ಲಿದ್ದಳು.

"ಏನಮ್ಮಾ, ಡಬ್ಬ ತೂತಾ?"

"ಇಲ್ಲ. ಆ ಗಂಟು... ವಾಪಸ್ ಬೇಕು."

"ಅದೆಲ್ಲ ಆಗಲ್ಲ ತಲ್ಲಿ. ಕೊಟ್ಟಿದ್ದು ಕೊಟ್ಟಂಗೆ. ಹಿಂಗೇ ಎಲ್ಲರೂ ಬಂದ್ರೆ ನಾನ್ ಯಾಪಾರ ಮಾಡ್ದಂಗೇ."

ಅಲ್ಲಿಗೆ ನನ್ನ ಬಾಯಿಗೆ ಮತ್ತೆ ಬೀಗ ಬೀಳಬೇಕಿತ್ತು. ಬೀಳಲಿಲ್ಲ. "ಅದು ನಮ್ಮತ್ತೇದು. ಅವ್ರಿಲ್ಲ ಈಗ. ಮೊಮ್ಮಗೂಗೆ ಅಂತ ಕಟ್ಟಿಟ್ಟಿದ್ರು. ನಾನು ತಿಳೀದೆ ಕೊಟ್ಟೆ. ಡಬ್ಬ ತಗೋ, ಬೇಕಾದ್ರೆ ನನ್ನ ಎರಡು ಒಳ್ಳೇ ಸೀರೆ ತಗೋ. ಅದನ್ನ ಮಾತ್ರ ಕೊಡು" ಅಂದೆ. ಕಣ್ಣೀರು ಹಾಕಲಿಲ್ಲ. ಅವಳ ದಾರಿಗೆ ಅಡ್ಡ ನಿಂತಿದ್ದೆ, ಅಷ್ಟೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಬುಟ್ಟಿ ಇಳಿಸಿದಳು. "ಬಾಣಂತಿ ಬಟ್ಟೆ ಅಂತ ಆವಾಗ್ಲೇ ಹೇಳಕ್ಕೇನಾಗಿತ್ತು? ಅಂಥದ್ದನ್ನ ಇಟ್ಕೊಂಡು ನಾನೆಲ್ಲಿಗೆ ಹೋಗ್ಲಿ?" ಎರಡು ಸಣ್ಣ ಗಂಟುಗಳೂ ಹಾಗೇ ಇದ್ದವು, ಬಿಚ್ಚಿರಲಿಲ್ಲ. ಹೊರಗೆ ಸುತ್ತಿದ್ದ ಸೀರೆ ಮಾತ್ರ ಕಾಣಲಿಲ್ಲ. ನೋಡಿದರೆ ಅದು ಅವಳ ತಲೆಯ ಮೇಲೆ! ಸಿಂಬಿ ಸುತ್ತಿಕೊಂಡು ಅದರ ಮೇಲೆ ಬುಟ್ಟಿ ಹೊತ್ತಿದ್ದಳು. ನಾನು ನೋಡಿದ್ದನ್ನು ನೋಡಿ ಎರಡೂ ಕೈಯಲ್ಲಿ ಸಿಂಬಿ ಹಿಡಿದುಕೊಂಡಳು. "ಇದೊಂದು ಕೊಡಲ್ಲ. ತಲೆಗೆ ಎಷ್ಟು ಮೆತ್ತಗೈತೆ ಗೊತ್ತಾ?" ಬಿಟ್ಟುಬಿಟ್ಟೆ, ಅತ್ತೆ. ನೀವೂ ಬಿಡುತ್ತಿದ್ದಿರಿ. ಅದಕ್ಕೂ ಒಂದು ಕೆಲಸ ಸಿಕ್ಕಿತಲ್ಲ. ಡಬ್ಬವನ್ನು ಮಾತ್ರ ಮರೆಯದೆ ಇಸಿದುಕೊಂಡಳು.

ಮನೆಗೆ ಬಂದಾಗ ಮಾವ ಗೇಟಿನಲ್ಲೇ ನಿಂತಿದ್ದರು. ಗಂಟುಗಳನ್ನು ಅವರ ಕೈಗೆ ಕೊಟ್ಟೆ. ಮುಟ್ಟಿ ಮುಟ್ಟಿ ನೋಡಿ, ಎರಡನ್ನೂ ಜಗಲಿಯ ಮೇಲೆ ಬೇರೆ ಬೇರೆ ಇಟ್ಟರು. ಒಂದಕ್ಕೆ ಹಸಿರು ಸೀರೆ ಅಂಚಿನ ಕಟ್ಟು, ಇನ್ನೊಂದಕ್ಕೆ ಕೆಂಪು ಅಂಚಿನದು. ಆವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ಹಸ್ರು ಸವಿತಂಗೆ" ಅಂದರು. "ಕೆಂಪು ನಿಂಗೆ."

ನನಗಾ? ನನಗೆ ಮದುವೆಯಾಗಿ ನಾಲ್ಕು ವರ್ಷ. ಸೊಸೆಗೆ ಇನ್ನೂ ಏನಿಲ್ಲವಾ ಅಂತ ಬೀದಿಯವರು ಕೇಳಿದಾಗ ನೀವು, "ನಿಮ್ಮನೆ ಎಮ್ಮೆ ಕರ ಹಾಕ್ತಾ, ಅದ್ ಹೇಳು ಮೊದ್ಲು" ಅಂತ ಬಾಯಿ ಮುಚ್ಚಿಸುತ್ತಿದ್ದಿರಿ. ನನ್ನನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ. ಕೇಳದೆ ಇರುವುದು ನಿಮ್ಮ ಒಳ್ಳೆಯತನ ಅಂತ ಗೊತ್ತಿತ್ತು. ಆದರೂ ಒಳಗೊಳಗೇ ಒಂದು ಸಂಕಟ ಇತ್ತು. ಬಹುಶಃ ಅತ್ತೆ ನನ್ನ ಮೇಲೆ ಆಸೆಯನ್ನೇ ಬಿಟ್ಟಿದ್ದಾರೆ, ಅದಕ್ಕೇ ಕೇಳುವುದಿಲ್ಲ ಅಂತ... ನೀವು ಸೀರೆ ಕುದಿಸುತ್ತಿದ್ದಾಗ ಹಂಡೆಗೆ ಸೌದೆ ತಳ್ಳಿದ್ದು ನಾನೇ ಅಲ್ಲವಾ? ಇಷ್ಟೊಂದು ಹಳೇ ಸೀರೆ ಯಾಕೆ ಅಂತ ಕೇಳಿದ್ದಕ್ಕೆ ಅದೇ ಎರಡು ಮಾತು ಹೇಳಿ ಸುಮ್ಮನಾಗಿದ್ದಿರಿ. ಒಂದು ಮಾತು ಬಿಡಿಸಿ ಹೇಳಿದ್ದರೆ ಏನಾಗುತ್ತಿತ್ತು?

ಹೋಗಲಿ ಬಿಡಿ. ಸವಿತ ಬಂದ ದಿನದ್ದು ಹೇಳುತ್ತೇನೆ. ಸುಮ್ಮನೆ ಸೀಮಂತಕ್ಕೆ ಬಂದು ಹೋಗುತ್ತೇನೆ ಅಂತಲೇ ಬಂದಿದ್ದಳು. ಒಳಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಕಿಟಕಿಯ ಹತ್ತಿರ ನಿಮ್ಮ ಮಂಚ, ಕ್ರೇಟಿನ ಬೀರು, ಗೋಡೆಯಲ್ಲಿ ಚಂದ್ರಿಕೆ. ಅಷ್ಟು ವರ್ಷ ಸಾಮಾನಿನ ಹಿಂದೆ ಮುಚ್ಚಿಹೋಗಿದ್ದ ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. "ಈ ಕೋಣೇಲಿ ಕಿಟಕಿ ಇತ್ತಾ ಅತ್ತಿಗೆ?" ಅಂದಳು. ಆಮೇಲೆ ಒಂದೊಂದನ್ನೇ ಗುರುತು ಹಿಡಿದಳು. "ಅಯ್ಯೋ, ಇದು ಅಪ್ಪನ ಸೈಕಲ್ದು! ಇದು ನಾನ್ ಬಿದ್ದ ಏಣಿ! ಎಲ್ಲಾ ಅಮ್ಮಂದೇ." ಸಂಜೆ ಅವಳ ಗಂಡ ಹೊರಡಲು ಎದ್ದಾಗ, "ನೀವ್ ಹೋಗ್ಬನ್ನಿ. ನನ್ ಬಟ್ಟೆ ಕಳ್ಸಿ" ಅಂದಳು. ಮಾವ ಮುಖ ಆ ಕಡೆ ತಿರುಗಿಸಿ ಕೆಮ್ಮಿದರು.

ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ, ಅತ್ತೆ. ಹೊಸಕೋಟೆಯ ಆಸ್ಪತ್ರೆಯಲ್ಲಿ, ಬೆಳಗಿನ ಹೊತ್ತು. ನರ್ಸಮ್ಮ ಬಟ್ಟೆ ಕೊಡಿ ಅಂದಾಗ ಹಸಿರು ಗಂಟಿನಿಂದ ತೆಗೆದುಕೊಟ್ಟವಳು ನಾನೇ. ಸುತ್ತಿ ತಂದ ಮಗುವನ್ನು ಸವಿತ ಮೂಸಿ, "ಅಮ್ಮನ ವಾಸನೆ ಬರ್ತಿದೆ ಅತ್ತಿಗೆ" ಅಂದಳು. ನನಗೆ ಬಂದದ್ದು ಬೇವಿನೆಲೆ, ಸೀಗೆಕಾಯಿಯ ವಾಸನೆ. ನಾನು ಹೌದು ಅಂದೆ. ಈಗ ಒಳಕೋಣೆಯ ತೊಲೆಗೆ ನಿಮ್ಮ ಸೀರೆಯದೇ ಜೋಲಿ ಕಟ್ಟಿದ್ದೇವೆ. ಮಾವ ನಡುಮನೆಯ ಹಾಸಿಗೆಯನ್ನು ಕೋಣೆಯ ಬಾಗಿಲಿನ ಹತ್ತಿರಕ್ಕೆ ಎಳೆದುಕೊಂಡಿದ್ದಾರೆ. ಮಗು ಮಿಸುಕಿದರೆ ಸಾಕು, ಮಲಗಿದ ಕಡೆಯಿಂದಲೇ ಹಗ್ಗ ಎಳೆದು ತೂಗುತ್ತಾರೆ. ಹಗ್ಗ ಯಾವುದು ಅಂತೀರಿ? ಮಾರಿದ ಸೀಮೆ ಹಸುವಿನದು. ಅದನ್ನೂ ನೀವೇ ಇಟ್ಟಿದ್ದಿರಿ.

ನಿನ್ನೆ ಭಾನುವಾರ, ನಿಮ್ಮ ಮಗ ಕ್ರೇಟಿನ ಬೀರು ತಪಾಸಣೆ ಮಾಡಿದರು. ಎಲ್ಲ ಕ್ರೇಟಿಗೂ ನಾನು ಚೀಟಿ ಅಂಟಿಸಿದ್ದೆ. ಮಗುವಿನ ಬಟ್ಟೆ. ಸವಿತಳ ಬಟ್ಟೆ. ಬಾಣಂತಿ ಖಾರದ ಸಾಮಾನು. ಎಣ್ಣೆ ಸಾಬೂನು. ಮಾವನ ಔಷಧಿ. ಮೇಲಿನ ಬಲಗಡೆಯದಕ್ಕೆ ಮಾತ್ರ ಇರಲಿಲ್ಲ. "ಇದೇನ್ ಮೇಡಂ, ಒಂದು ಬಿಟ್ಟೋಗಿದೆ. ಚೀಟಿ ಇಲ್ಲ ಅಂದ್ರೆ ಸಾಮಾನೇ ಇಲ್ಲ ಅಂತ ಹೇಳಿರ್ಲಿಲ್ವಾ?" ಅಂತ ರೇಗಿಸುತ್ತಾ ಕೈ ಹಾಕಿದರು. ಕೈಗೆ ಕೆಂಪು ಅಂಚು ಸಿಕ್ಕಿತು. ಅವರಿಗೂ ಗೊತ್ತು ಅದು ಏನು ಅಂತ. ಅದನ್ನು ಮತ್ತೆ ಒಳಗಿಟ್ಟು, ಕ್ಯಾಲೆಂಡರ್ ಹಾಳೆಯಿಂದ ಒಂದು ಚೂರು ಹರಿದು, ಪೆನ್ನಿನ ಜೊತೆ ನನ್ನ ಮುಂದೆ ಇಟ್ಟು ಹೋದರು.

ಏನು ಬರೆಯಬೇಕು ಅಂತ ತಿಳಿಯದೆ ಬಹಳ ಹೊತ್ತು ಕೂತಿದ್ದೆ. ನನ್ನದು ಅಂತ ಬರೆಯಲು ನಾಚಿಕೆ, ಬಟ್ಟೆ ಅಂತ ಬರೆದರೆ ಸುಳ್ಳು. ನಾಳೆ ಯಾರಾದರೂ ಧೂಳು ನೋಡಿ ಆಚೆ ಹಾಕಿದರೆ? ನನ್ನಂಥವಳೇ ಇನ್ನೊಬ್ಬಳು ಬಂದರೆ? ಕೊನೆಗೆ ದಪ್ಪ ಅಕ್ಷರದಲ್ಲಿ ಬರೆದು ಅನ್ನದ ಗಂಜಿಯಿಂದ ಅಂಟಿಸಿದೆ. ಈಗ ಹಿತ್ತಲ ಬಾಗಿಲಲ್ಲಿ ಕೂತರೂ ಕಾಣುತ್ತದೆ. ನಿಮಗೆ ಓದಲು ಬರದಿದ್ದರೂ ಇದನ್ನು ಯಾರೂ ಓದಿ ಹೇಳಬೇಕಾಗಿಲ್ಲ, ಅತ್ತೆ. ನಿಮ್ಮದೇ ಮಾತು.

"ಇರ್ಲಿ, ಬೇಕಾಗುತ್ತೆ."

ನಿಮ್ಮ
ರತ್ನ